ಶಂಕರೆಪ್ಪನ ಹಿಮ್ಮಡಿಗೆ ಎರಡು ಸಾವಿರ ಪೆಟ್ಟು

ಹಿಟ್ಟಿನ ಗಿರಣಿಯ ಶಂಕರೆಪ್ಪನಿಗೆ ಜೀವನದಲ್ಲಿ ಬೇಕಾಗಿದ್ದು ಒಂದೇ. ಬೆಳಿಗ್ಗೆ ಹಾಸಿಗೆಯಿಂದ ಎದ್ದು, ಎಡಗಾಲಿನ ಹಿಮ್ಮಡಿ ನೆಲಕ್ಕೂರಿ, ಚೀರದೆ ಬಚ್ಚಲು ಮುಟ್ಟಬೇಕು. ಒಂದೂವರೆ ವರ್ಷದಿಂದ ಅದು ಆಗಿರಲಿಲ್ಲ. ಅವನು "ಯವ್ವಾ!" ಎಂದ ಮೇಲೆಯೇ ಸುರೇಬಾನದ ಆ ಓಣಿಯ ಹೆಂಗಸರು ಅಂಗಳಕ್ಕೆ ನೀರು ಹಾಕಲು ಏಳುತ್ತಿದ್ದರು.

ದಿನವಿಡೀ ಗಿರಣಿಯ ಸಿಮೆಂಟಿನ ಮೇಲೆ ನಿಂತೇ ಕೆಲಸ. ಜೋಳ ಬೀಸಿಸಲು ಬಂದವರೆಲ್ಲ ಹಿಟ್ಟು ಒಯ್ಯುವಾಗ ಒಂದೊಂದು ಮದ್ದು ಹೇಳಿಯೇ ಹೋಗುತ್ತಿದ್ದರು. ಕಾದ ಇಟ್ಟಿಗೆಯ ಮೇಲೆ ಎಕ್ಕೆ ಎಲೆಯಿಟ್ಟು ಕಾವು ಕೊಟ್ಟಿದ್ದಾಯಿತು, ಉಪ್ಪುನೀರಿನಲ್ಲಿ ಕಾಲು ಅದ್ದಿದ್ದಾಯಿತು, ಔಡಲ ಎಣ್ಣೆ ತಿಕ್ಕಿದ್ದಾಯಿತು. ಹಿಮ್ಮಡಿ ಮಾತ್ರ ಜಪ್ಪಯ್ಯ ಎನ್ನಲಿಲ್ಲ.

ಆಗ, ಎರಡು ಸಾವಿರದ ಎಂಟನೆಯ ಇಸವಿಯಲ್ಲಿ, ಬೈಲಹೊಂಗಲದ ಒಂದು ದವಾಖಾನೆಗೆ ತಿಂಗಳಿಗೊಮ್ಮೆ ಬೆಳಗಾವಿಯ ಡಾಕ್ಟರರು ಶಾಕ್‌ವೇವ್ ಯಂತ್ರ ತರುತ್ತಾರೆಂಬ ಸುದ್ದಿ ಬಂತು. ಕೊಯ್ಯುವುದಿಲ್ಲ, ಚುಚ್ಚುವುದಿಲ್ಲ, ಹೊರಗಿನಿಂದಲೇ ಹಿಮ್ಮಡಿಗೆ ಪೆಟ್ಟು ಕೊಡುತ್ತಾರಂತೆ. ಶಂಕರೆಪ್ಪ ಸದ್ದಿಲ್ಲದೆ ಒಬ್ಬನೇ ಬಸ್ಸಿಗೆ ಹೋಗಿಬರಲು ನಿರ್ಧರಿಸಿದ. ಹೆಂಡತಿ ಗುರುಬಸವ್ವನಿಗಷ್ಟೇ ಹೇಳಿದ. ತಪ್ಪಾಗಿದ್ದು ಅಲ್ಲಿಯೇ.

ಮರುದಿನ ಬೆಳಿಗ್ಗೆ ಬಾಗಿಲಿಗೆ ನಜೀರಸಾಬನ ಜೀಪು ಬಂದು ನಿಂತಿತ್ತು. ಶಂಕರೆಪ್ಪನ ಅಕ್ಕ ಕೆಂಪವ್ವ ರೊಟ್ಟಿಬುಟ್ಟಿ ಹಿಡಿದು ನಿಂತಿದ್ದಳು. ಪಕ್ಕದ ಮನೆಯ ದುಂಡಪ್ಪ ಇಸ್ತ್ರಿ ಮಾಡಿದ ಧೋತರ ಉಟ್ಟು ಮುಂದಿನ ಸೀಟಿನಲ್ಲಿ ಆಗಲೇ ಕುಳಿತಿದ್ದ.

"ಇದೇನಿದು?" ಎಂದ ಶಂಕರೆಪ್ಪ.

"ದವಾಖಾನಿಗೆ ಯಾರರ ಒಬ್ಬರ ಹೋಗತಾರೇನ್ರಿ? ಹಿಂದ ಮುಂದ ಯಾರೂ ಇಲ್ಲೇನ ಅಂತಾರ ಮಂದಿ" ಎಂದಳು ಗುರುಬಸವ್ವ.

"ಮುಂದ ನಾ ಕುಂದರಲೇನು ದುಂಡಪ್ಪಣ್ಣ? ಕಾಲ ಚಾಚಾಕ ಬೇಕಾಗೇತಿ."

"ಹಿಂದ ಕುಂತ್ರ ನನಗ ವಾಂತಿ ಬರತೈತಿ ತಮ್ಮಾ. ನಿನಗ ಬರೇ ಕಾಲ ನೋವು, ನೀ ಕುಂದರ ಹಿಂದ."

ಶಂಕರೆಪ್ಪ ಹಿಂದೆ ಮೊಣಕಾಲು ಮಡಚಿ, ರೊಟ್ಟಿಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕುಳಿತ. ಬೈಲಹೊಂಗಲ ಮುಟ್ಟುವುದರೊಳಗೆ ಕೆಂಪವ್ವ ಅವನ ಹಿಮ್ಮಡಿಯನ್ನು ಮೂರು ಸಲ ತುಳಿದಳು. ಮೂರು ಸಲವೂ, "ಇದ ಏನ ನೋವಿನ ಕಾಲು?" ಎಂದು ಅಕ್ಕರೆಯಿಂದ ಕೇಳಿದಳು.

ದವಾಖಾನೆಯಲ್ಲಿ ಐವರೂ ಒಟ್ಟಿಗೆ ಡಾಕ್ಟರರ ಕೋಣೆಗೆ ನುಗ್ಗಿದರು. "ಯಾರಿಗ್ರೀ ನೋವು?" ಎಂದು ಡಾಕ್ಟರರು ಕೇಳಿದ್ದೇ ತಡ, ದುಂಡಪ್ಪ ಮುಂದೆ ಬಂದ.

"ನಾ ಹೇಳತೇನ್ರಿ ಸಾಹೇಬ್ರ. ಮುಂಜಾನಿ ಎದ್ದು ಹೆಜ್ಜಿ ಇಟ್ರ ಇಲ್ಲಿ, ನೋಡ್ರಿ, ಈ ಜಾಗಾದಾಗ, ಮೊಳಿ ಹೊಡದಂಗ ಆಗತೈತಿ." ಹೇಳಿದರೆ ಸಾಲದೆಂದು ಧೋತರ ಎತ್ತಿ, ಮಂಚದ ಮೇಲೆ ಮಲಗಿ, ತನ್ನ ಹಿಮ್ಮಡಿಯನ್ನೇ ತೋರಿಸಿದ. ಡಾಕ್ಟರರು ಅದಕ್ಕೆ ತಣ್ಣಗಿನ ಜೆಲ್ ಸವರಿ, ಪಿಸ್ತೂಲಿನಂಥ ಹಿಡಿಕೆಯನ್ನು ಒತ್ತಿಯೇಬಿಟ್ಟರು. ಟಕ್ ಟಕ್ ಟಕ್ ಟಕ್!

"ನಂದಲ್ರೀ! ಅವಂದು! ಆ ಗಿರಣಿಯವಂದು!" ಎನ್ನುತ್ತ ದುಂಡಪ್ಪ ಮಂಚದಿಂದ ಹಾರಿ ಕೆಂಪವ್ವನ ಹಿಂದೆ ಅಡಗಿದ. ಡಾಕ್ಟರರು ಸಿಟ್ಟಿಗೆದ್ದು ಶಂಕರೆಪ್ಪನೊಬ್ಬನನ್ನು ಬಿಟ್ಟು ಉಳಿದವರನ್ನೆಲ್ಲ ಹೊರಗೆ ಹಾಕಿ ಬಾಗಿಲು ಮುಚ್ಚಿದರು.

ಮೊದಲ ಹತ್ತು ಪೆಟ್ಟುಗಳನ್ನು ಶಂಕರೆಪ್ಪ ಹಲ್ಲು ಕಚ್ಚಿ ಸಹಿಸಿದ. ಹನ್ನೊಂದನೆಯದಕ್ಕೆ ತಾಯಿಯನ್ನು ಕರೆದ. ಮೂವತ್ತನೆಯದಕ್ಕೆ, ಎಂದೋ ಸತ್ತುಹೋದ ಅಜ್ಜನನ್ನೂ ಕರೆದ.

"ಇನ್ನೆಷ್ಟ ಅದಾವ್ರಿ ಸಾಹೇಬ್ರ?"

"ಈಗ ನೂರಾ ಹತ್ತ ಆಗ್ಯಾವು. ಇನ್ನ ಸಾವಿರದ ಎಂಟನೂರಾ ತೊಂಬತ್ತು. ಅಲಗಾಡಬ್ಯಾಡ್ರಿ."

ಆಮೇಲೆ ಅವನು ಯಾರನ್ನೂ ಹೆಸರು ಹಿಡಿದು ಕರೆಯಲಿಲ್ಲ, ಬರೀ ಚೀರಿದ. ಹೊರಗೆ ಮೆಟ್ಟಿಲ ಮೇಲೆ ಕುಳಿತವರು ದಡಬಡಿಸಿ ಎದ್ದು ನಿಂತರು.

ಅಂತೂ ಯಂತ್ರ ನಿಂತಿತು. ಶಂಕರೆಪ್ಪ ಚೀರಲು ತಯಾರಾಗಿ, ಬಾಯಿ ತೆರೆದುಕೊಂಡೇ ಹಿಮ್ಮಡಿ ನೆಲಕ್ಕಿಟ್ಟ. ಚೀರುವಂಥದ್ದು ಏನೂ ಆಗಲಿಲ್ಲ! ಇನ್ನೊಮ್ಮೆ ಊರಿದ. ನೋವಿಲ್ಲ! ಅವನಿಗೆ ಅಳುವಷ್ಟು ಸಂತೋಷವಾಯಿತು.

"ಈಗ ಹಗೂರ ಅನಸತೈತಿ, ಅದನ್ನ ನಂಬಬ್ಯಾಡ್ರಿ" ಎಂದರು ಡಾಕ್ಟರರು. "ಇನ್ನೂ ಎರಡ ಸಲ ಬರಬೇಕು. ಅಲ್ಲೀಮಟ ಬರಿಗಾಲಲೆ ಒಂದ ಹೆಜ್ಜಿನೂ ಇಡಬ್ಯಾಡ್ರಿ."

'ಹಗೂರ' ಎಂಬುದರಾಚೆ ಶಂಕರೆಪ್ಪ ಏನನ್ನೂ ಕೇಳಿಸಿಕೊಳ್ಳಲಿಲ್ಲ. ಹೊರಗೋಡಿ ಎಲ್ಲರೆದುರು ಹಿಮ್ಮಡಿಯನ್ನು ದಡದಡ ನೆಲಕ್ಕೆ ಬಡಿದು ಕುಣಿದ.

ಗುರುಬಸವ್ವ ಸೆರಗು ಹೊದ್ದು ಕೈಮುಗಿದಳು. "ಯಲ್ಲವ್ವ ಕೈ ಬಿಡಲಿಲ್ಲ!"

"ಯಲ್ಲವ್ವ ಎಲ್ಲಿಂದ ಬಂದ್ಲು? ಮಾಡಿದ್ದು ಯಂತ್ರ."

"ನೀವು ಒಳಗ ಹಂಗ ಚೀರಾಕ ಹತ್ತಿದ್ರಿ, ನನ್ನ ಜೀವ ತಡೀಲಿಲ್ಲ. 'ಇವರ ಕಾಲ ನೆಟ್ಟಗ ಮಾಡವ್ವ, ಸುರೇಬಾನದಿಂದ ನಿನ್ನ ಗುಡ್ಡದಮಟ ಬರಿಗಾಲಲೆ ನಡಸತೇನಿ' ಅಂತ ಬೇಡಕೊಂಡೇನಿ."

"ಯಾರನ್ನ ನಡಸತಿ?"

"ನಿಮ್ಮನ್ನ."

ಜೀಪಿನಲ್ಲಿ ಹೋದರೂ ತಾಸು ಹಿಡಿಯುವ ದಾರಿ ಅದು. ಶಂಕರೆಪ್ಪನ ಕುಣಿತ ನಿಂತಿತು.

"ನಾ ಗೊಡಚಿ ವೀರಭದ್ರಗ ಬೇಡಕೊಂಡೇನಿ ತಮ್ಮಾ, ಅಲ್ಲಿಗೂ ಬರಿಗಾಲಲೆ" ಎಂದಳು ಕೆಂಪವ್ವ.

"ನಾನೂ ಬಿಟ್ಟಿಲ್ಲ" ಎಂದ ದುಂಡಪ್ಪ. "ತೊರಗಲ್ ಕ್ವಾಟ್ಯಾಗಿನ ದೇವರಮಟ ನಿನ್ನ ಬರಿಗಾಲಲೆ ನಡಸತೇನಿ ಅಂತ ಬೇಡಕೊಂಡೇನಿ."

"ಬೇಡಕೊಂಡವ್ರು ನೀವು, ನೀವ ನಡೀರಿ!"

"ನೋವು ಯಾರದು? ನಿಂದು" ಎಂದಳು ಕೆಂಪವ್ವ. "ನೆಟ್ಟಗಾದ ಕಾಲು ಯಾರದು? ಅದೂ ನಿಂದ. ನಾವ್ಯಾಕ ನಡೀಬೇಕು? ಹರಕಿ ತೀರೂಮಟ ಚಪ್ಪಲಿ ಮೆಟ್ಟಂಗಿಲ್ಲ ನೋಡ." ಹೇಳುತ್ತಲೇ ಬಾಗಿಲಲ್ಲಿದ್ದ ಅವನ ಚಪ್ಪಲಿ ಎತ್ತಿ ಜೀಪಿನ ಸೀಟಿನಡಿ ತುರುಕಿದಳು.

"ನಜೀರಸಾಬ, ನೀನರ ಇವರಿಗೆ ಹೇಳೋ!"

"ನಾ ಏನೂ ಬೇಡಕೊಂಡಿಲ್ರಿ ಸಾವಕಾರ್ರ. ಜೀಪ್ ತೊಗೊಂಡ ಹಿಂದಿಂದ ಬಾ ಅಂದಾರ ಅಕ್ಕಾರು. ಅವರೆಲ್ಲಾ ಕುಂತ ಬರತಾರಂತ."

ಶಂಕರೆಪ್ಪನಿಗೆ ಫಕ್ಕನೆ ಉಪಾಯ ಹೊಳೆಯಿತು. ಹಿಮ್ಮಡಿ ಹಿಡಿದು ಧೊಪ್ಪನೆ ಕುಸಿದ. "ಅಯ್ಯಯ್ಯೋ! ನೋವ ಹೋಗೇ ಇಲ್ಲ! ಹರಕಿ ಫಲಿಸಿಲ್ಲ!"

ಗುರುಬಸವ್ವ ತಕ್ಷಣ ಒಳಗೆ ಕೂಗಿದಳು. "ಡಾಕ್ಟರ್ರ, ನೋವ ಹಂಗ ಐತಂತ. ಇನ್ನೆರಡ ಸಾವಿರ ಹೊಡದ ಕಳಸ್ರಿ!"

"ಹೋಗೇತಿ! ಪೂರಾ ಹೋಗೇತಿ!" ಶಂಕರೆಪ್ಪ ಸ್ಪ್ರಿಂಗಿನಂತೆ ಎದ್ದ. ಅದೇ ಭರದಲ್ಲಿ ಅಂಗಳದ ಜಲ್ಲಿಕಲ್ಲಿನ ಮೇಲೆ ಬರಿಗಾಲಲ್ಲಿ ನಾಲ್ಕು ಹೆಜ್ಜೆ ಹಾಕಿದ. ಚೂಪಾದ ಒಂದು ಕಲ್ಲು ಸರಿಯಾಗಿ ಹಿಮ್ಮಡಿಗೇ ತಾಗಿತು. ಈ ಸಲ ಅವನು ಚೀರಿದ್ದು ನಿಜವಾಗಿಯೇ.

ಅದನ್ನು ಕೇಳಿ ಮೂವರೂ ಗಾಬರಿಯಿಂದ ಕೈಮುಗಿದು ಕಣ್ಣು ಮುಚ್ಚಿದರು.

"ಬ್ಯಾಡ್ರಿ! ನಿಮ್ಮ ಕಾಲ ಬೀಳತೇನಿ, ಏನೂ ಬೇಡಕೋಬ್ಯಾಡ್ರಿ!" ಎಂದು ಶಂಕರೆಪ್ಪ ಕುಂಟುತ್ತ ಓಡಿದ.

ಅಷ್ಟರಲ್ಲಿ ಕೆಂಪವ್ವ ಸಮಾಧಾನದಿಂದ ಕಣ್ಣು ತೆರೆದಳು.

"ಅಂಜಬ್ಯಾಡ ತಮ್ಮಾ. ಈ ಸಲ ಉರುಳಸೇವಾ ಬೇಡಕೊಂಡೇನಿ. ಉರುಳಾಕ ಹಿಮ್ಮಡಿ ಬೇಕಾಗಂಗಿಲ್ಲ."