ದೊಡ್ಡಮ್ಮನ ಒಣ ಕಣ್ಣು

ದಿಟ್ಟಿಸಿ ನೋಡುವ ಪಂದ್ಯದಲ್ಲಿ ನಮ್ಮ ದೊಡ್ಡಮ್ಮನನ್ನು ಸೋಲಿಸುವವರು ಇಡೀ ಮಹಾರಾಜರ ಸಂಸ್ಥಾನದಲ್ಲೇ ಇರಲಿಲ್ಲ! ನಂಬುವುದಿಲ್ಲವೇ? ಕಂದಾಯದ ಲೆಕ್ಕ ನೋಡುವ ಜಮಾಬಂದಿಗೆಂದು ನಮ್ಮೂರು ಕೊಳಾಲಕ್ಕೆ ಬಂದಿದ್ದ ಅಮಲ್ದಾರರನ್ನು ಕೇಳಬೇಕಿತ್ತು. ಕೆರೆಯ ತೂಬು ಸೋರುತ್ತಿದೆ ಎಂದು ದೂರು ಹೇಳಿದ ದೊಡ್ಡಮ್ಮ, ಅವರೆದುರು ರೆಪ್ಪೆ ಬಡಿಯದೆ ನಿಂತುಬಿಟ್ಟಳು. ಅಮಲ್ದಾರರು ಕುರ್ಚಿ ಸರಿಸಿದರು, ಪೇಟ ಸರಿಮಾಡಿಕೊಂಡರು, ಕೊನೆಗೆ "ರಿಪೇರಿ ಮಾಡಿಸ್ತೀನಮ್ಮ, ಮೊದಲು ಆ ಕಡೆ ನೋಡು" ಎಂದು ಬೇಡಿಕೊಂಡರು.

ಅವಳ ಕತ್ತು ಊದಿ, ಕಣ್ಣು ಮುಂದಕ್ಕೆ ಬಂದಿತ್ತು. ನಿದ್ದೆಯಲ್ಲೂ ಅರ್ಧ ತೆರೆದೇ ಇರುತ್ತಿತ್ತು. ಅವಳು ಗೊರಕೆ ಹೊಡೆಯುತ್ತಿದ್ದರೂ ಬೆಲ್ಲದ ಗಡಿಗೆ ಮುಟ್ಟಲು ನಮಗೆ ಧೈರ್ಯವಿರಲಿಲ್ಲ! ಮದುವೆಗಳಲ್ಲಿ ಹೆಣ್ಣೊಪ್ಪಿಸುವಾಗ ಎಲ್ಲರ ಸೆರಗೂ ಒದ್ದೆ, ಇವಳದು ಮಾತ್ರ ಗರಿಗರಿ. ಎತ್ತಿ ಆಡಿಸಿದ ನನ್ನನ್ನು ಒಪ್ಪಿಸುವಾಗಲೂ ಅಷ್ಟೇ. ಕಲ್ಲು ಮನಸ್ಸಿನವಳು ಎಂದು ಜನ ಆಡಿಕೊಂಡರು.

ಮಧುಗಿರಿ ಆಸ್ಪತ್ರೆಯ ಡಾಕ್ಟರು ಪರೀಕ್ಷೆ ಮಾಡಿ, "ಕತ್ತಿನ ಗ್ರಂಥಿ ಕೆಟ್ಟಿದೆ. ಅದಕ್ಕೇ ರೆಪ್ಪೆ ಪೂರ್ತಿ ಮುಚ್ಚುತ್ತಿಲ್ಲ. ಕಣ್ಣೀರು ಬಂದರೂ ಗಾಳಿಗೆ ಆರಿಹೋಗುತ್ತೆ" ಎಂದರು. ದೊಡ್ಡಮ್ಮ ಊರೆಲ್ಲ ಸಾರಿದಳು: "ಕೇಳುದ್ರಾ? ನಾನೂ ಅಳ್ತೀನಂತೆ ಕಣಮ್ಮ! ಗಾಳಿ ಕುಡ್ಕಂಬುಡ್ತದಂತೆ!"

ಅಷ್ಟರಲ್ಲಿ ತವರಿನಲ್ಲಿ ನನಗೆ ಮಗಳು ಹುಟ್ಟಿದಳು. ತೊಟ್ಟಿಲು ಶಾಸ್ತ್ರಕ್ಕೆ ಪಾವಗಡದಿಂದ ಬಂದ ನಮ್ಮತ್ತೆ, "ಕಣ್ಣು ಮುಚ್ಚದೋರ ದೃಷ್ಟಿ ಬಲೇ ಕೆಟ್ಟದಮ್ಮಾ. ಆಯಮ್ಮ ಕೂಸಿನ ದಗ್ಗರ ಬರಾಕೂಡ್ದು" ಎಂದು ಕಟ್ಟುನಿಟ್ಟು ಮಾಡಿದರು. ಬೀಗಿತ್ತಿಗೆ ಎದುರಾಡಲಾರದೆ ಅಮ್ಮ ದೊಡ್ಡಮ್ಮನನ್ನು ಕರೆಯಲೇ ಇಲ್ಲ.

ಅತ್ತೆಯ ಮಾತು ಅವಳ ಕಿವಿಗೂ ಬಿದ್ದಿತ್ತು. ಕರೆಯದಿದ್ದರೆ ಬಿಡುವ ಪೈಕಿಯೇ ಅವಳು? ಕೈಯಲ್ಲಿ ತಾನೇ ಹೊಲಿದ ಕುಲಾವಿ, ಕಣ್ಣಿಗೆ ಬಿಗಿಯಾಗಿ ಒದ್ದೆ ಬಟ್ಟೆ! ಗೋಡೆ ತಡವುತ್ತ ಒಳಗೆ ಬಂದವಳು ಮೊದಲು ಸವರಿದ್ದು ತೊಟ್ಟಿಲ ಪಕ್ಕ ಕೂತಿದ್ದ ನಮ್ಮತ್ತೆಯ ಗಲ್ಲವನ್ನು. "ಇದೇನವ್ವ, ನಿನ್ ಕೂಸಿನ ಕೆನ್ನೆ ಇಂಗೆ ಒರಟು!"

ಮನೆಯೆಲ್ಲ ನಕ್ಕಿತು. ದೊಡ್ಡಮ್ಮ ನಗಲಿಲ್ಲ. "ನೋಡಾಕ್ ಬಂದಿಲ್ಲ ಕಣವ್ವ. ಒಂದ್ಕಿತ ಮುಟ್ಬುಟ್ಟು ಒಂಟೋಯ್ತೀನಿ" ಎಂದು ಕೈ ಚಾಚಿದಳು.

ನನಗೆ ತಡೆಯಲಾಗಲಿಲ್ಲ. ಅತ್ತೆಯ ಎದುರೇ ದೊಡ್ಡಮ್ಮನ ಕಣ್ಣಿನ ಬಟ್ಟೆ ಬಿಚ್ಚಿ, ಮಗುವನ್ನು ಅವಳ ಮಡಿಲಿಗೆ ಹಾಕಿದೆ. "ನೋಡು ದೊಡ್ಡಮ್ಮ, ಕಣ್ತುಂಬ ನೋಡು."

ಅವಳೂ ಕೂಸೂ ರೆಪ್ಪೆ ಬಡಿಯದೆ ಒಬ್ಬರನ್ನೊಬ್ಬರು ನೋಡಿಕೊಂಡರು. ಮೊದಲು ಮುಖ ತಿರುಗಿಸಿದ್ದು ದೊಡ್ಡಮ್ಮ.

"ಅಳ್ತಾ ಇವ್ನಿ ಕಣವ್ವ. ಕಾಣ್ತದಾ?" ಎಂದಳು.

ಅವಳ ಕಣ್ಣಲ್ಲಿ ಒಂದು ತೊಟ್ಟೂ ಇರಲಿಲ್ಲ.

"ಕಾಣ್ತದೆ ದೊಡ್ಡಮ್ಮ" ಎಂದೆ. ನಾನು ಸುಳ್ಳು ಹೇಳಲಿಲ್ಲ.