ನಿಮ್ಮ ಮೀನು ಸತ್ತೈತೆ, ಬರ್ರಿ

ಚಳ್ಳಕೆರೆಯಲ್ಲಿ ಅಕ್ವೇರಿಯಂ ಅಂಗಡಿ ಇಟ್ಟವನ ಹಣೆಬರಹವೇ ಬೇರೆ. ಬದುಕಿರುವವರೆಗೆ ಅದು ಕೊಂಡವರ ಮೀನು, ಸತ್ತ ಗಳಿಗೆಯಿಂದ ನನ್ನ ಮೀನು. "ನಿಮ್ಮ ಮೀನು ಸತ್ತೈತೆ, ಬರ್ರಿ" ಎಂದು ಫೋನ್ ಬಂದರೆ ಹೋಗಲೇಬೇಕು. ಹೋಗದಿದ್ದರೆ ಸಂಜೆಯೊಳಗೆ ಮಂಡಕ್ಕಿ ಅಂಗಡಿಯ ಮುಂದೆ ನಿಂತವರೆಲ್ಲ ಸೇರಿ "ಅವನ ಅಂಗಡಿ ಮೀನು ಬಾಳಿಕೆ ಬರಲ್ಲ ಕಣ್ಲೇ" ಎಂದು ತೀರ್ಮಾನ ಮಾಡಿಬಿಡುತ್ತಾರೆ. ಆಮೇಲೆ ನಾನು ಬಾಗಿಲು ಹಾಕುವುದೊಂದೇ ದಾರಿ. ಹಾಗಾಗಿ ವಾರಕ್ಕೊಂದಾದರೂ ಸಾವಿನ ಮನೆಗೆ ಹೋಗುತ್ತೇನೆ. ಬರುವಾಗ ನಗು ತಡೆದುಕೊಂಡು ಬರುತ್ತೇನೆ.

ಹಿಂಡಿ

ಎಣ್ಣೆ ಮಿಲ್ಲಿನ ಯಜಮಾನರೊಬ್ಬರ ಮನೆ. ಟ್ಯಾಂಕಿನ ನೀರು ಅಂಬಲಿಯ ಹಾಗೆ ಗಟ್ಟಿಯಾಗಿತ್ತು.

"ತಿನ್ನಾಕೆ ಏನು ಹಾಕ್ತೀರಿ?" ಎಂದೆ.

"ಶೇಂಗಾ ಹಿಂಡಿ. ನಮ್ದೇ ಮಿಲ್ಲಿಂದು, ಕಲಬೆರಕೆ ಇಲ್ಲ."

"ಎಷ್ಟು?"

ಅವರು ಎರಡೂ ಕೈ ಸೇರಿಸಿ ಬೊಗಸೆ ತೋರಿಸಿದರು. "ಎಮ್ಮೆಗೆ ಇದರ ಹತ್ತರಷ್ಟು ಹಾಕ್ತೀವಿ. ಮೀನು ಸಣ್ಣದಲ್ವಾ ಅಂತ ಕಮ್ಮಿ ಮಾಡೀನಿ."

ತಿಂದು ಉಳಿದದ್ದು ಕೊಳೆಯುತ್ತದೆ, ನೀರು ಕೆಟ್ಟು ಮೀನಿಗೆ ಉಸಿರು ಕಟ್ಟುತ್ತದೆ, ದಿನಕ್ಕೊಂದು ಚಿಟಿಕೆ ಸಾಕು ಎಂದು ವಿವರಿಸಿದೆ. ಯಜಮಾನರಿಗೆ ಬಹಳ ಬೇಸರವಾಯಿತು. "ಚಿಟಿಕೆನಾ? ನಂಬಿ ಮನೆಗೆ ಬಂದ ಜೀವಕ್ಕೆ ಚಿಟಿಕೆ ಲೆಕ್ಕದಾಗೆ ಹಾಕಿದ್ರೆ ನೋಡಿದೋರು ಏನಂದಾರು? ಇರ್ಲಿ, ನೀವು ಉಂಡು ಹೋಗ್ರಿ."

ಕೂತೆ. ಹೋಳಿಗೆ ಸಾಕು ಎಂದರೆ ತುಪ್ಪ ಬಂತು, ತುಪ್ಪ ಸಾಕು ಎಂದರೆ ಮತ್ತೊಂದು ಹೋಳಿಗೆ ಬಂತು. ಕಡೆಗೆ ಅದೇ ಟ್ಯಾಂಕಿನ ಎದುರಿನ ಬೆಂಚಿನ ಮೇಲೆ ಅಂಗಾತ ಮಲಗಿ ಬಾಯಿ ತೆರೆದು ಮುಚ್ಚಿ ಮಾಡತೊಡಗಿದೆ. ಆ ಮೀನುಗಳಿಗೆ ಕಡೇ ಗಳಿಗೆಯಲ್ಲಿ ಏನನ್ನಿಸಿತ್ತೆಂದು ಆಗ ನನಗೆ ಪೂರ್ತಿ ಅರ್ಥವಾಯಿತು.

ಧೂಪ

ಬಸ್ ಕಂಡಕ್ಟರೊಬ್ಬರ ಮನೆಯಲ್ಲಿ ಮೀನುಗಳು ಶುಕ್ರವಾರವೇ ಸಾಯುತ್ತಿದ್ದವು. ಅವರ ಅವ್ವ ಇದು ದೃಷ್ಟಿಯೇ ಎಂದು ಪಕ್ಕಾ ಮಾಡಿಕೊಂಡಿದ್ದರು. ಹೋಗಿ ನೋಡಿದರೆ, ಟ್ಯಾಂಕಿಗೆ ಗಾಳಿ ಊದುವ ಪಂಪು ದೇವರ ಗೂಡಿನ ಪಕ್ಕದಲ್ಲೇ ಇತ್ತು. ಶುಕ್ರವಾರ ಅವ್ವ ಸಾಂಬ್ರಾಣಿ ಹಾಕಿದರೆ, ಪಂಪು ಆ ಹೊಗೆಯನ್ನೆಲ್ಲ ಎಳೆದು ನೀರಿಗೆ ಊದುತ್ತಿತ್ತು. ಮೀನು ಸತ್ತಿತೆಂದು ದೃಷ್ಟಿ ತೆಗೆಯಲು ಮುಂದಿನ ವಾರ ಇನ್ನಷ್ಟು ಸಾಂಬ್ರಾಣಿ. ಇನ್ನಷ್ಟು ಸಾಂಬ್ರಾಣಿಗೆ ಇನ್ನಷ್ಟು ಮೀನು.

"ಅವ್ವಾ, ಹೊಗೆಯಿಂದ ಸಾಯ್ತಿದಾವೆ" ಎಂದೆ.

ಅವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಾನು ಮದುವ್ಯಾಗಿ ಬಂದಾಗಿಂದ ಈ ಮನ್ಯಾಗೆ ಹೊಗೆ ಹಾಕ್ತಿದೀನಿ. ಇವತ್ತಿಗೂ ಒಂದು ಸೊಳ್ಳೆ ಸತ್ತಿಲ್ಲ. ಮೀನು ಸಾಯ್ತಾವಾ?"

ಹಬ್ಬದ ಕೆಲಸ

ಇನ್ನೊಂದು ಮನೆಯ ಅಕ್ಕ ಬಲು ಶುಚಿ. ಹಬ್ಬಕ್ಕೆ ಮನೆ ತೊಳೆಯುವಾಗ ಟ್ಯಾಂಕನ್ನೂ ಖಾಲಿ ಮಾಡಿ, ಸೋಪಿನ ಪುಡಿ ಹಾಕಿ ಉಜ್ಜಿ, ಹೊಸ ನೀರು ತುಂಬಿದ್ದರು. ಸಂಜೆಗೆ ಒಂದೂ ಉಳಿದಿರಲಿಲ್ಲ.

"ಅಕ್ಕಾ, ಸೋಪು ಹಾಕಬಾರ್ದು. ಅರ್ಧ ಹಳೇ ನೀರು ಹಂಗೇ ಇರಬೇಕು" ಎಂದೆ.

"ನೀವು ಸುಮ್ನಿರ್ರಿ" ಎಂದರು. "ಹಬ್ಬಕ್ಕೆ ನಮ್ಮತ್ತೆ ಬರ್ತಾರೆ. ನೀರು ಕೊಳೆಯಾಗಿದ್ರೆ ಅವರು ನನ್ನನ್ನೂ ಈ ಮೀನಿನ ಹಂಗೆ ಮಾಡ್ತಾರೆ."

ಮೀನಿನ ಬಣ್ಣದ ಸೀರೆ

ಇದು ಮೊಳಕಾಲ್ಮೂರಿನ ನೇಕಾರರೊಬ್ಬರ ಮನೆಯದು. ಮಗಳ ಮದುವೆ ಗೊತ್ತಾಗಿತ್ತು. ಆ ಹುಡುಗಿ ನನ್ನ ಅಂಗಡಿಯಿಂದ ಒಂದು ಕಿತ್ತಳೆ ಬಣ್ಣದ ಗೋಲ್ಡ್ ಫಿಶ್ ಒಯ್ದು, ಅಪ್ಪನ ಮುಂದಿಟ್ಟು, "ನನ್ನ ಧಾರೆ ಸೀರೆ ಇದೇ ಬಣ್ಣ ಇರ್ಬೇಕು" ಎಂದಿದ್ದಳು. ಊರ ಹೆಣ್ಣುಮಕ್ಕಳಿಗೆಲ್ಲ ಧಾರೆ ಸೀರೆ ನೇಯ್ದವರು, ಸ್ವಂತ ಮಗಳಿಗೆ ಇಲ್ಲ ಎನ್ನುತ್ತಾರೆಯೇ?

ಆ ಮೀನು ಸತ್ತಿತು. ಇನ್ನೊಂದು ಕೊಟ್ಟೆ. "ಇದು ಆ ಬಣ್ಣ ಅಲ್ಲ, ಒಂಚೂರು ಕೆಂಪು" ಎಂದಳು ಹುಡುಗಿ. ಅಪ್ಪ ಮತ್ತೆ ಹೊಸದಾಗಿ ನೂಲಿಗೆ ಬಣ್ಣ ಹಾಕಿದರು. ಅದೂ ಸತ್ತಿತು. ಮೂರನೆಯದು ಒಂಚೂರು ಹಳದಿ. ಮದುವೆ ಹತ್ತಿರ ಬರುತ್ತಿತ್ತು, ಮಗ್ಗ ಖಾಲಿ ನಿಂತಿತ್ತು. ಫೋನ್ ಬಂತು: "ಏಮಯ್ಯಾ, ನಿನ್ನ ಮೀನಿನ ದೆಸೆಯಿಂದ ನನ್ನ ಮಗಳು ಸೀರೆ ಇಲ್ದೆ ಧಾರೆಗೆ ಕೂರೋ ಹಂಗೈತೆ." ಈ ಮಾತು ಎರಡೂ ಊರಿಗೆ ಹಬ್ಬಿದರೆ ನನ್ನ ಅಂಗಡಿಯ ಕತೆ ಮುಗಿದಂತೆ. ಬಸ್ ಹತ್ತಿದೆ.

ನೋಡಿದರೆ ನೀರು ಸರಿ, ತಿನಿಸು ಸರಿ, ಹೊಗೆ ಇಲ್ಲ, ಸೋಪಿಲ್ಲ. ಅವರು ಕೊಟ್ಟ ಚಹಾ ಕುಡಿಯುತ್ತ ತಲೆ ಕೆಡಿಸಿಕೊಂಡು ಕೂತಿದ್ದೆ. ಅಷ್ಟರಲ್ಲಿ ಯಜಮಾನರು ಹಿತ್ತಿಲಿಂದ ಆಗಷ್ಟೇ ಬಣ್ಣ ಹಾಕಿದ ರೇಷ್ಮೆ ನೂಲಿನ ಲಡಿ ಹಿಡಿದು ಬಂದರು. ನೆಟ್ಟಗೆ ಟ್ಯಾಂಕಿನ ಹತ್ತಿರ ಹೋಗಿ ಅದನ್ನು ಮೀನಿನ ಪಕ್ಕಕ್ಕೆ ಮುಳುಗಿಸಿದರು.

"ಅಯ್ಯೋ, ಏನು ಮಾಡ್ತಿದೀರಿ?"

"ಬಣ್ಣ ಹೊಂದಿಸ್ತಿದೀನಿ. ಮೀನು ನೀರಾಗೈತೆ, ನೂಲು ಹೊರಗೈತೆ. ಹೊಂದೋದು ಹೆಂಗೆ? ನೀರಾಗಿಂದನ್ನ ನೀರಾಗೇ ನೋಡ್ಬೇಕು."

ಕಸುಬಿನ ಮಾತು, ತಪ್ಪು ಹುಡುಕಲು ಆಗಲಿಲ್ಲ. ಬಣ್ಣಕ್ಕೆ ಹಾಕಿದ ಆಸಿಡ್ಡು ಮೀನನ್ನು ಕೊಲ್ಲುತ್ತಿದೆ ಎಂದು ಹೇಳಿ, ಲಡಿಯನ್ನು ಮೇಲೆತ್ತಿಸಿ, ನೀರು ಬದಲಿಸಿದೆ. ಅಡುಗೆಮನೆಯಿಂದ ಉಪ್ಪಿನಕಾಯಿಯ ಗಾಜಿನ ಭರಣಿ ತರಿಸಿ, ನೀರು ತುಂಬಿ, ಲಡಿಯನ್ನು ಅದರಲ್ಲಿಟ್ಟು ಟ್ಯಾಂಕಿಗೆ ತಾಗಿಸಿ ಹಿಡಿದೆ. ಯಜಮಾನರು ಬಗ್ಗಿ ನೋಡಿ ತಲೆಯಾಡಿಸಿದರು. ಆ ಮೀನು ಉಳಿಯಿತು. ಮಗ್ಗ ಓಡಿತು.

ಮದುವೆಗೆ ಹೋಗಿದ್ದೆ. ಆ ಸೀರೆ ಉಟ್ಟು ಹುಡುಗಿ ಮಂಟಪಕ್ಕೆ ಬಂದಾಗ ನನ್ನ ಅಂಗಡಿಯ ಮೀನೇ ಹಸೆಗೆ ಬಂದಂತಾಗಿ, ನಾಚಿಕೆಯಿಲ್ಲದೆ ಕಣ್ಣೊರೆಸಿಕೊಂಡೆ. ಎರಡೂ ಊರಿನವರು ಅಲ್ಲಿದ್ದರು. ಯಜಮಾನರು ಎಲ್ಲರಿಗೂ ನನ್ನನ್ನು ತೋರಿಸಿ ಹೊಗಳಿದರು. ನನ್ನ ಅಂಗಡಿ ಗೆದ್ದಿತು ಎಂದುಕೊಂಡೆ.

ಹುಡುಗಿ ಮೊದಲ ಹಬ್ಬಕ್ಕೆ ತವರಿಗೆ ಬಂದ ದಿನ ಯಜಮಾನರ ಫೋನ್ ಬಂತು.

"ಮೀನು ಸತ್ತಿತಾ?"

"ಸತ್ತಿಲ್ಲ. ಗುಂಡುಕಲ್ಲಿನ ಹಂಗೈತೆ."

"ಮತ್ತೇನ್ರಿ?"

"ಬೆಳ್ಳಗಾಗೈತೆ. ಅಮ್ಮಾಯಿ ಸೀರೆ ಉಟ್ಕಂಡು ಪಕ್ಕದಾಗೆ ನಿಂತವಳೆ, ಎಲ್ಲೂ ಹೊಂದಲ್ಲ."

ಕೆಲವು ಗೋಲ್ಡ್ ಫಿಶ್ ಬೆಳೆಯುತ್ತ ಬಿಳಿಯಾಗುವುದುಂಟು, ಅದು ಅವುಗಳ ಗುಣ ಎಂದೆ. ಅವರು ಒಪ್ಪಲಿಲ್ಲ.

"ನಮ್ಮನೆ ಸೀರೆ ನೀರಿಗೆ ಹಾಕಿದ್ರೆ ಬಣ್ಣ ಬಿಡಲ್ಲ ಕಣಯ್ಯಾ. ನೀರಾಗೇ ಇರೋ ಮೀನಿಗೆ ಇಂಥ ಬಣ್ಣ ಹಾಕಿ ಮಾರ್ತೀಯಲ್ಲ."

ಈಗ ನನ್ನ ಮೀನು ಬಾಳಿಕೆ ಬರಲ್ಲ ಎಂದು ಯಾರೂ ಅನ್ನುವುದಿಲ್ಲ. ಎರಡೂ ಊರಿನಿಂದ ಗಿರಾಕಿಗಳು ಬರುತ್ತಾರೆ, ಟ್ಯಾಂಕಿನ ಮುಂದೆ ಬಗ್ಗುತ್ತಾರೆ, ಮೀನನ್ನು ಹಿಂದೆ ಮುಂದೆ ನೋಡಿ ಕೇಳುತ್ತಾರೆ: "ಸಾಯಲ್ಲ ಅಂತ ಗೊತ್ತೈತೆ ಬಿಡ್ರಿ. ಬಣ್ಣ ಗ್ಯಾರಂಟಿನಾ?"