ಮಗಳ ಕರುಳು, ಅಪ್ಪನ ಪ್ರಯೋಗ

ಇಪ್ಪತ್ತೈದು ವರ್ಷದಿಂದ ಊರವರ ಕಟ್ಟಿಕೊಂಡ ಪೈಪುಗಳನ್ನು ಬಿಡಿಸುತ್ತ ಬಂದ ಪ್ಲಂಬರ್ ನಾನು. ಮನೆಯಲ್ಲಿ ಮಾತ್ರ ನನ್ನ ಮಾತಿಗೆ ಮೂರು ಕಾಸಿನ ಬೆಲೆಯಿಲ್ಲ.

ಒಂಬತ್ತು ವರ್ಷದ ಮಗಳಿಗೆ ಮೂರು ತಿಂಗಳಿಂದ ಹೊಟ್ಟೆನೋವು, ಆಗಾಗ ಮಲದಲ್ಲಿ ರಕ್ತ. ಕ್ಯಾಮೆರಾ ಇಳಿಸಿ ಕರುಳು ನೋಡಬೇಕು, ಅದಕ್ಕೆ ಮೊದಲು ಕರುಳು ಖಾಲಿಯಾಗಬೇಕು ಎಂದರು ಡಾಕ್ಟರಮ್ಮ. ದಾರಿ ಎರಡು: ಪುಡಿ ಕಲಸಿದ ಎರಡು ಲೀಟರ್ ನೀರನ್ನು ಒಂದೇ ಸಂಜೆ ಕುಡಿಸುವುದು, ಇಲ್ಲವೇ ಸಿಹಿ ಔಷಧಿಯನ್ನು ಎರಡು ದಿನ ಸ್ವಲ್ಪಸ್ವಲ್ಪವಾಗಿ ಕೊಡುವುದು.

"ಎರಡೂ ಸರಿಯೇ. ಮಗು ಯಾವ್ದನ್ನ ಪೂರ್ತಿ ಕುಡಿಯುತ್ತೋ ಅದನ್ನೇ ಕೊಡಿ."

ಮನೆಗೆ ಬಂದವನೇ ತೀರ್ಪು ಕೊಟ್ಟೆ. "ನೀರಿನ ರಭಸ ಇದ್ರೇನೇ ಪೈಪು ಕ್ಲೀನಾಗೋದು. ಎರಡು ಲೀಟರೇ ಸರಿ."

"ರೀ, ಅದು ಮಗು. ಮೋರಿ ಅಲ್ಲ," ಎಂದಳು ಹೆಂಡತಿ.

(ಹೆದರಿಕೆಯಾದಾಗ ನನಗೆ ಮಾತು ಜಾಸ್ತಿ. ಅದು ಅವಳಿಗೂ ಗೊತ್ತು.)

ಮಗಳು ಇಬ್ಬರನ್ನೂ ನೋಡಿ, "ಅಪ್ಪ ಮೊದ್ಲು ಕುಡಿದು ತೋರಿಸ್ಲಿ," ಎಂದಳು.

ಕುಡಿದೆ. ಸಮುದ್ರದ ನೀರಿಗೆ ಎರಡು ಬೀದಿ ಆಚೆಯಿಂದ ಕಿತ್ತಳೆ ಹಣ್ಣು ತೋರಿಸಿದಂಥ ರುಚಿ. ಮೂರನೇ ಲೋಟದವರೆಗೂ ಹಲ್ಲು ಕಿರಿಯುತ್ತಲೇ ಉಪನ್ಯಾಸ ಕೊಟ್ಟೆ. ಆರನೇ ಲೋಟಕ್ಕೆ ಕೈ ಚಾಚಿದವನು ಅದನ್ನು ಮುಟ್ಟದೆ ಓಡಿದೆ.

ಆ ಸಂಜೆ ನಾನು ಕಕ್ಕಸು ಮನೆಯ ಖಾಯಂ ನಿವಾಸಿ. ಬಾಗಿಲಾಚೆ ಮಗಳು ಕುರ್ಚಿ ಹಾಕಿಕೊಂಡು ಕೂತಿದ್ದಳು.

"ನೋವಾಗ್ತಿದ್ಯಾ ಅಪ್ಪ?"

"ಇಲ್ಲ ಪುಟ್ಟಿ."

"ಹೆದರ್ಬೇಡ. ನಾನಿಲ್ಲೇ ಇದೀನಿ."

ಅವಳಿಗೆ ಹೇಳಬೇಕೆಂದು ವಾರದಿಂದ ನಾನು ಮನಸ್ಸಿನಲ್ಲೇ ತಿದ್ದಿಟ್ಟುಕೊಂಡಿದ್ದ ಮಾತು ಅದು. ಒಳಗೆ ಕೂತು ಕಣ್ಣೊರೆಸಿಕೊಂಡೆ.

ಮಗಳು ಸಿಹಿ ಔಷಧಿಯನ್ನೇ ಆರಿಸಿಕೊಂಡಳು. ಮುಖ ಸಿಂಡರಿಸಿದರೂ ಒಂದು ಹನಿ ಬಿಡಲಿಲ್ಲ.

ಪರೀಕ್ಷೆ ಮುಗಿಸಿ ಬಂದ ಡಾಕ್ಟರಮ್ಮ ನಗುತ್ತಿದ್ದರು. "ಕರುಳು ಕನ್ನಡಿ ಥರ ಇತ್ತು. ಒಂದು ಚಿಕ್ಕ ಗಂಟಿತ್ತು, ತೆಗೆದಿದೀನಿ. ಭಯ ಇಲ್ಲ."

ಹೆಂಡತಿ ನನ್ನ ತೋಳು ಹಿಡಿದುಕೊಂಡಳು. ಆಗ ಮಂಚದ ಮೇಲೆ ಅರಿವಳಿಕೆಯ ಮಂಪರಿನಲ್ಲಿದ್ದ ಮಗಳು ನನ್ನ ಪ್ರಯೋಗದ ವರದಿಯನ್ನು ಸಾದ್ಯಂತವಾಗಿ ಒಪ್ಪಿಸಿದಳು.

ಡಾಕ್ಟರಮ್ಮ ನನ್ನನ್ನು ದಿಟ್ಟಿಸಿದರು. "ವಯಸ್ಸೆಷ್ಟು ನಿಮ್ದು?"

"ನಲವತ್ತೆಂಟು."

"ನಲವತ್ತೈದು ದಾಟಿದೆ, ಹಾಗಾದ್ರೆ ನೀವೂ ಒಂದ್ಸಲ ಈ ಪರೀಕ್ಷೆ ಮಾಡಿಸ್ಕೊಳ್ಳಿ. ಮುಂದಿನ ತಿಂಗಳು ಬನ್ನಿ."

"ನನಗೂ ಆ ಸಿಹಿ ಔಷಧಿನೇ ಸಾಕಲ್ವಾ ಮೇಡಂ?"

"ಅದು ಮಕ್ಕಳಿಗೆ. ನಿಮಗೆ ನೀರೇ. ನಾಲ್ಕು ಲೀಟರು."

ನಾನು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ತಾರೀಖು ಬರೆಸಿಯಾಗಿತ್ತು.